ಚೋರ್ಲಾ ಇವತ್ತು ಅರ್ಧಕ್ಕೇ

ಬೆಳಿಗ್ಗೆ ಐದೂವರೆಗೇ ಗೋವಾದ ಸಾಂಖಳಿಯಿಂದ ಸೈಕಲ್ ತೆಗೆದೆ. ಚೋರ್ಲಾ ಘಾಟ್ ಹತ್ತಿ, ಮೇಲೆ ಒಂದು ಚಹಾ ಕುಡಿದು ಇಳಿಯುವ ಲೆಕ್ಕ. ಕೇರಿ ಅನ್ನುವ ಊರಿನ ಹತ್ತಿರ ಬರುವಾಗಲೇ ಸುಟ್ಟ ಎಲೆಯ ವಾಸನೆ. ಅಂಜುಣೆ ಅಣೆಕಟ್ಟಿನ ಬಳಿ ಒಬ್ಬರು ಕೈ ಅಡ್ಡ ಹಿಡಿದರು. "ಮೇಲೆ ಗುಡ್ಡಕ್ಕೆ ಬೆಂಕಿ ಬಿದ್ದಿದೆ, ಸೈಕಲ್ ಬೇಡ."

ಲಾರಿ ಬಿಡ್ತೀರಲ್ಲ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ಲಾರಿಗೆ ಶ್ವಾಸಕೋಶ ಇಲ್ಲ, ಅಲ್ವಾ? ಏರಿನಲ್ಲಿ ನಾವು ಸುಮ್ನೆ ಕೂತವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಗಾಳಿ ಎಳೆದುಕೊಳ್ಳುತ್ತೇವೆ. ಮುಖಕ್ಕೆ ಕಟ್ಟಿದ ಕರ್ಚೀಫು ಹೊಗೆಯ ಸಣ್ಣ ಕಣಗಳನ್ನು ತಡೆಯುವುದಿಲ್ಲ.

2023ರ ಮಾರ್ಚ್ ನೆನಪಾಯಿತು. ಈ ಘಾಟ್ ಸುತ್ತಲಿನ ಮಹದಾಯಿ ಅಭಯಾರಣ್ಯ ಹೊತ್ತಿಕೊಂಡಾಗ ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದಿದ್ದವು. ಮಳೆ ನಿಂತು ತಿಂಗಳುಗಳಾದ ಕಾಡಿನಲ್ಲಿ ಒಣಗಿದ ಎಲೆಯದೇ ಹಾಸಿಗೆ. ಒಂದು ಬೀಡಿ ತುಂಡು ಸಾಕು.

ನಮ್ಮ ಬೆಳಗಾವಿ ಕಡೆಯವರಿಗೆ ಇದು ಬರೀ ಘಾಟ್ ಅಲ್ಲ, ಊರಿಗೆ ಹೋಗುವ ದಾರಿ. ಸೈಕಲ್ ತಿರುಗಿಸುವಾಗ ಏನೋ ಬೇಜಾರು. ವಾಪಸ್ ಬರುವಾಗ ಗೇರುಹಣ್ಣು ಹೆಕ್ಕುತ್ತಿದ್ದ ಅಜ್ಜಿಯೊಬ್ಬರು ಎರಡು ಹಣ್ಣು ಕೈಗಿಟ್ಟರು. ರಸ ಜರ್ಸಿ ಮೇಲೆ ಸುರಿದಿದೆ. ಆ ಕಲೆ ಹೋಗುವುದಿಲ್ಲ ಅನ್ನುತ್ತಿದ್ದಾಳೆ ಹೆಂಡತಿ.