ಹೊಸ ಗಿಟಾರಿಸ್ಟ್ ಜೊತೆ ಹನ್ನೊಂದು ನಿಮಿಷದ ರೆಕಾರ್ಡು: ಕೆಲಸ ಎಲ್ಲಿಗೆ ಬಂತು

ನಮ್ಮ ಗಿಟಾರಿಸ್ಟ್ ಕೆಲಸದ ಮೇಲೆ ಪುಣೆಗೆ ಹೋದ. ಅವನ ಜಾಗಕ್ಕೆ ಬಂದಿರುವವನು ಮಂಗಳೂರಿನ ಹುಡುಗ. ಚರ್ಚಿನ ಕ್ವಾಯರ್‌ನಲ್ಲಿ ಗಿಟಾರ್ ಹಿಡಿದು ಬೆಳೆದವನು, ಕೈ ಶುದ್ಧ, ತಾಳ ಗಟ್ಟಿ. ಆದರೆ ಪಂಕ್, ಅಂದರೆ ವೇಗದ ಒರಟು ರಾಕ್, ನುಡಿಸಿದವನಲ್ಲ. ಈ ವರ್ಷ ನಮ್ಮದೇ ಹಾಡುಗಳ ಒಂದು ಚಿಕ್ಕ ಇಪಿ (ಆಲ್ಬಮ್ಮಿಗಿಂತ ಗಿಡ್ಡ, ಕೆಲವೇ ಹಾಡಿನ ರೆಕಾರ್ಡು) ಮಾಡಬೇಕು ಅಂತಿದೆ. ಅದಕ್ಕೆ ಮೊದಲು ನಾಲ್ವರೂ ಸೇರಿ ಅಮೆರಿಕದ ಪಂಕ್ ಬ್ಯಾಂಡ್ ಬ್ಯಾಡ್ ರಿಲಿಜನ್‌ನ 'ಬ್ಯಾಕ್ ಟು ದ ನೋನ್' ಎಂಬ ಹನ್ನೊಂದು ನಿಮಿಷದ ಇಪಿಯನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕಲಿತು ರೆಕಾರ್ಡ್ ಮಾಡುತ್ತಿದ್ದೇವೆ. ಹೊರಗೆ ಬಿಡೋದಕ್ಕಲ್ಲ, ಒಟ್ಟಿಗೆ ಕೈ ಕೂಡಲಿ ಅಂತ. ನಾನು ಬಾಸ್ ನುಡಿಸುತ್ತೇನೆ, ರೆಕಾರ್ಡಿಂಗ್ ಕೂಡ ನನ್ನದೇ ಜವಾಬ್ದಾರಿ.

ಬೇರೆ ನೂರಾರು ರೆಕಾರ್ಡುಗಳಿದ್ದರೂ ಇದನ್ನೇ ಆರಿಸಿಕೊಂಡದ್ದು ಅದರ ಹಿಂದಿನ ಕಥೆಗಾಗಿ.

ಬ್ಯಾಡ್ ರಿಲಿಜನ್ ಅಂದರೆ ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಫರ್ನಾಂಡೋ ಕಣಿವೆಯ ಹೈಸ್ಕೂಲ್ ಹುಡುಗರು ಕಟ್ಟಿದ ಬ್ಯಾಂಡ್. ಹಾಡುಗಾರ ಗ್ರೆಗ್ ಗ್ರಾಫಿನ್, ಗಿಟಾರ್ ಬ್ರೆಟ್ ಗುರೆವಿಟ್ಜ್, ಬಾಸ್ ಜೇ ಬೆಂಟ್ಲಿ. 1981ರಲ್ಲಿ ಮೊದಲ ಇಪಿ, 1982ರಲ್ಲಿ 'ಹೌ ಕುಡ್ ಹೆಲ್ ಬಿ ಎನಿ ವರ್ಸ್?' ಆಲ್ಬಮ್. ರೆಕಾರ್ಡು ಹೊರತರಲು ಲೇಬಲ್ ಬೇಕಿತ್ತು, ಎಪಿಟಾಫ್ ಹೆಸರಿನಲ್ಲಿ ತಾವೇ ಒಂದನ್ನು ಮಾಡಿಕೊಂಡರು. 1983ರಲ್ಲಿ ದಿಕ್ಕು ಪೂರ್ತಿ ಬದಲಾಯಿತು. 'ಇನ್‌ಟು ದ ಅನ್‌ನೋನ್' ಆಲ್ಬಮ್ಮಿನಲ್ಲಿ ಸಿಂಥಸೈಜರ್, ಪಿಯಾನೋ, ನಿಧಾನವಾದ ಉದ್ದುದ್ದ ಹಾಡುಗಳು. ಬೆಂಟ್ಲಿ ರೆಕಾರ್ಡಿಂಗ್ ನಡುವೆಯೇ ಬಿಟ್ಟು ಹೋದ. ಪಂಕ್ ಕೇಳುಗರು ಆ ಆಲ್ಬಮ್ಮನ್ನು ಹತ್ತಿರ ಸೇರಿಸಲಿಲ್ಲ. ಬ್ಯಾಂಡ್ ಹೆಚ್ಚುಕಡಿಮೆ ಚದುರಿಹೋಯಿತು. ನನಗೆ ಆ ಆಲ್ಬಮ್ಮಿನ ಮೇಲೂ ಗೌರವ ಇದೆ. ಇಪ್ಪತ್ತರ ಆಸುಪಾಸಿನ ಹುಡುಗರು ತಮಗೆ ಇಷ್ಟವಾದ ಸಂಗೀತವನ್ನು ಅಷ್ಟು ಧೈರ್ಯವಾಗಿ ಮಾಡಿದ್ದು ಸಣ್ಣ ಮಾತಲ್ಲ.

ಎರಡು ವರ್ಷದ ನಂತರ, 1985ರಲ್ಲಿ, ಐದೇ ಹಾಡಿನ ಈ ಇಪಿ ಬಂತು. ಹಾಡುಗಾರ ಗ್ರಾಫಿನ್ನೇ. ಡ್ರಮ್ಸ್‌ಗೆ ಮೊದಲಿದ್ದ ಪೀಟ್ ಫೈನ್‌ಸ್ಟೋನ್ ಮರಳಿ ಬಂದ, ಬಾಸ್‌ಗೆ ಟಿಮ್ ಗಲೆಗೋಸ್. ಗುರೆವಿಟ್ಜ್ ಗಿಟಾರ್ ಹಿಡಿಯಲಿಲ್ಲ. ಆ ಜಾಗಕ್ಕೆ ಬಂದವನು ಸರ್ಕಲ್ ಜರ್ಕ್ಸ್ ಅನ್ನುವ ಇನ್ನೊಂದು ಪಂಕ್ ಬ್ಯಾಂಡಿನ ಗ್ರೆಗ್ ಹೆಟ್ಸನ್.

ಹೆಟ್ಸನ್ ಆ ಹೊತ್ತಿಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಪಂಕ್ ವಲಯಕ್ಕೆಲ್ಲ ಗೊತ್ತಿದ್ದ ಆಸಾಮಿ. ಸರ್ಕಲ್ ಜರ್ಕ್ಸ್‌ನ 1980ರ ಮೊದಲ ಆಲ್ಬಮ್ಮಿನಲ್ಲಿ 14 ಹಾಡು, ಒಟ್ಟು ಅವಧಿ ಸುಮಾರು 15 ನಿಮಿಷ. ಹೇಳಬೇಕಾದ್ದನ್ನು ಹೇಳಿ ಮುಗಿಸಿಬಿಡುವ ಆ ಶಾಲೆಯಿಂದ ಬಂದವನು. ಬ್ಯಾಡ್ ರಿಲಿಜನ್‌ಗೂ ಅಪರಿಚಿತನಲ್ಲ. 1982ರ ಆಲ್ಬಮ್ಮಿನ 'ಪಾರ್ಟ್ ತ್ರೀ' ಹಾಡಿಗೆ ಅತಿಥಿಯಾಗಿ ಬಂದು ಸೋಲೋ ನುಡಿಸಿ ಹೋಗಿದ್ದ. ಉದ್ದ ಹಾಡುಗಳ ಆಲ್ಬಮ್ಮಿನ ನಂತರ ಬ್ಯಾಂಡಿಗೆ ಬೇಕಾಗಿದ್ದದ್ದು ಇಂಥ ಬಲಗೈಯೇ.

ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ವಿಷಯ. ಈ ಇಪಿಯ ಪ್ರೊಡ್ಯೂಸರ್ ಗುರೆವಿಟ್ಜ್. ಅಂದರೆ ಜಾಗ ಬಿಟ್ಟುಕೊಟ್ಟವನೇ ಮಿಕ್ಸಿಂಗ್ ಮೇಜಿನ ಆಚೆ ಕೂತು ಹೊಸಬನನ್ನು ರೆಕಾರ್ಡ್ ಮಾಡಿಸಿದ್ದಾನೆ. ಇದನ್ನು ಓದಿದ ದಿನವೇ ಪುಣೆಗೆ ಫೋನ್ ಮಾಡಿ, ನಮ್ಮ ಮಿಕ್ಸ್ (ರೆಕಾರ್ಡ್ ಮಾಡಿದ ಸದ್ದುಗಳನ್ನೆಲ್ಲ ಹದವಾಗಿ ಕೂಡಿಸುವ ಕೆಲಸ) ನೀನೇ ಮಾಡಬೇಕು ಅಂದೆ. ಒಪ್ಪಿಕೊಂಡ.

ಮೊದಲ ತಿಂಗಳು: ಬಲಗೈ

ಬ್ಯಾಂಡಿನಲ್ಲಿ ಗಿಟಾರ್ ಒಂದೇ ಇದ್ದಾಗ ಹಾಡಿನ ಭಾರವೆಲ್ಲ ಆ ಬಲಗೈ ಮೇಲೆ. ಎಡಗೈ ಕೆಲಸ ಸುಲಭ: ಮೂಲ ಸ್ವರ, ಅದರ ಪಂಚಮ, ಬೇಕಾದರೆ ಮೇಲಿನ ಷಡ್ಜ, ಇಷ್ಟೇ ಸೇರಿದರೆ ಪವರ್ ಕಾರ್ಡ್. ಕಷ್ಟ ಇರುವುದು ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಅನ್ನು ಮೇಲಿಂದ ಕೆಳಗೆ ಮಾತ್ರ ಹೊಡೆಯುತ್ತ ವೇಗ ಹಿಡಿಯುವುದರಲ್ಲಿ. ಮೇಲೆ ಕೆಳಗೆ ಎರಡೂ ಕಡೆ ಬೀಸಿದರೆ ವೇಗ ಸುಲಭವಾಗಿ ಸಿಗುತ್ತದೆ, ಆದರೆ ಕೆಳಗಿನಿಂದ ಮೇಲೆ ಬರುವ ಏಟು ತೆಳುವಾಗಿ ಕೇಳುತ್ತದೆ. ಎಲ್ಲ ಏಟೂ ಒಂದೇ ತೂಕದಲ್ಲಿ ಬಿದ್ದಾಗಲೇ ಆ ಗೋಡೆಯಂಥ ಸದ್ದು.

ಕ್ವಾಯರ್‌ನಲ್ಲಿ ಹುಡುಗ ಕಲಿತದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಮಣಿಕಟ್ಟು ಸಡಿಲ, ಆರೂ ತಂತಿ ಮೊಳಗಬೇಕು, ಹಾಡುವವರಿಗೆ ಜಾಗ ಬಿಡಬೇಕು. ಇಲ್ಲಿ ಅಂಗೈಯ ಅಂಚನ್ನು ಬ್ರಿಡ್ಜ್, ಅಂದರೆ ತಂತಿಗಳ ಕೆಳತುದಿ ಕೂರುವ ಭಾಗದ, ಹತ್ತಿರ ತಂತಿಯ ಮೇಲೆ ಊರಿ ಸದ್ದನ್ನು ಕಟ್ಟಿಹಾಕಬೇಕು, ಕೋರಸ್ ಬಂದ ಕ್ಷಣ ಕೈ ಎತ್ತಿ ಬಿಡಬೇಕು. ಇಪಿಯ ಮೊದಲ ಹಾಡು 'ಯೆಸ್ಟರ್‌ಡೇ'ಯ ಮೂರನೇ ಸುತ್ತಿಗೇ ಮುಂಗೈ ಬಿಗಿದುಕೊಂಡು ಕೂತ. "ಇಷ್ಟು ಸ್ಪೀಡಿಗೆ ಕೈ ಹೋಗುದಿಲ್ಲ ಮಾರಾಯ್ರೆ" ಅಂದ. ನಮ್ಮ ಡ್ರಮ್ಮರ್, ನಾಲ್ವರಲ್ಲಿ ದೊಡ್ಡವರು, "ಹೋಗತ್ತೆ ಬಾರೋ, ಮೊದ್ಲು ಭುಜ ಇಳಿಸು" ಅಂತ ಹೇಳಿ ತಾಳ ತೋರಿಸುವ ಕ್ಲಿಕ್ಕನ್ನು ನಿಮಿಷಕ್ಕೆ 140 ಬಡಿತಕ್ಕೆ ಇಳಿಸಿದರು. ಅವರು ಹೇಳಿದ್ದು ಸರಿ. ಭುಜ ಮೇಲೆತ್ತಿ ಮೊಣಕೈಯಿಂದ ಹೊಡೆದರೆ ಯಾರಿಗೂ ಎರಡು ನಿಮಿಷ ದಾಟುವುದಿಲ್ಲ. ಏಟು ಮಣಿಕಟ್ಟಿನಿಂದ ಬರಬೇಕು, ಪಿಕ್‌ನ ತುದಿ ಮಾತ್ರ ತಂತಿ ಮುಟ್ಟಬೇಕು. ಪಟ್ಟಿಯನ್ನು ಉದ್ದ ಮಾಡಿ ಗಿಟಾರನ್ನು ತೊಡೆವರೆಗೆ ಇಳಿಬಿಟ್ಟರೆ ನೋಡಲು ಚೆಂದ, ಆದರೆ ಮಣಿಕಟ್ಟು ಮಡಚಿಕೊಳ್ಳುತ್ತದೆ. ಅವನಿಗೆ ಸೊಂಟದ ಎತ್ತರವೇ ಸರಿಹೋಯಿತು. ಅಲ್ಲಿಂದ ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಬಂದೆವು.

ಅವನ ಹಳೆಯ ಅಭ್ಯಾಸದಿಂದ ಒಂದು ದೊಡ್ಡ ಲಾಭವೂ ಆಯಿತು. ಹಾಡುವವರ ಉಸಿರನ್ನು ಗಮನಿಸುತ್ತ ನುಡಿಸುವ ಕಿವಿ ಅವನದು. ಗ್ರಾಫಿನ್ ರಾಗವನ್ನು ನಿಜವಾಗಿ ಹಾಡುವವನು, ಬರೀ ಕೂಗುವವನಲ್ಲ. ಸಾಲು ಮುಗಿಯುವ ಕಡೆ ಗಿಟಾರ್ ಒಂದು ಕೂದಲೆಳೆ ಹಿಡಿದುಕೊಂಡರೆ ಮುಂದಿನ ಸಾಲು ಎದ್ದು ನಿಲ್ಲುತ್ತದೆ. ಇದನ್ನು ಯಾರೂ ಅವನಿಗೆ ಹೇಳಿಕೊಡಲಿಲ್ಲ.

ಎರಡನೇ ಹಾಡು 'ಫ್ರಾಗರ್' ಇರುವುದರಲ್ಲೇ ಗಿಡ್ಡ. 1981ರಲ್ಲಿ ಕೊನಾಮಿ ಕಂಪನಿ ತಂದ ವಿಡಿಯೋ ಗೇಮಿನ ಹೆಸರು ಅದು. ಕಪ್ಪೆಯೊಂದನ್ನು ವಾಹನಗಳ ನಡುವೆ ರಸ್ತೆ ದಾಟಿಸುವ ಆಟ. ಹಾಡಿನಲ್ಲಿ ಕಪ್ಪೆಯ ಜಾಗದಲ್ಲಿ ಲಾಸ್ ಏಂಜಲೀಸಿನ ಪಾದಚಾರಿ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಪ್ರಾಕ್ಟೀಸಿಗೆ ಬರುವ ನಮಗೆ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಎಲ್ಲಕ್ಕಿಂತ ಮೊದಲು ಕೂಡಿಬಂದ ಹಾಡು ಅದೇ.

ಎರಡನೇ ತಿಂಗಳು: ಸದ್ದು

ಗಂಟೆ ಲೆಕ್ಕದ ಜ್ಯಾಮ್ ರೂಮಿನಲ್ಲಿ ಡ್ರಮ್ಸ್ ರೆಕಾರ್ಡ್ ಮಾಡಿಕೊಂಡು, ಗಿಟಾರ್ ಮತ್ತು ಬಾಸ್ ಮನೆಯಲ್ಲಿ ಮಾಡುತ್ತಿದ್ದೇವೆ. ಆಂಪ್‌ನಲ್ಲಿ ಗೇನ್ (ಗಿಟಾರಿನ ಸದ್ದನ್ನು ಒರಟಾಗಿಸುವ ನಾಬ್) ಎಷ್ಟಿರಬೇಕು ಅನ್ನುವುದೇ ದೊಡ್ಡ ಚರ್ಚೆಯಾಯಿತು. ಒಬ್ಬನೇ ನುಡಿಸುವಾಗ ಗೇನ್ ಹೆಚ್ಚಿದಷ್ಟೂ ಹಿತ. ಡ್ರಮ್ಸ್, ಬಾಸ್ ಸೇರಿದ ಕೂಡಲೇ ಅದೇ ಸದ್ದು ಝೇಂಕಾರವಾಗಿ ಕರಗಿ ಹೋಗುತ್ತದೆ, ಪಿಕ್ ತಂತಿಗೆ ತಾಗುವ ಮೊನೆ ಕೇಳುವುದಿಲ್ಲ. ಗೇನ್ ಇಳಿಸಿ, ಮಿಡ್ ಏರಿಸಿ, ಬಾಸ್ ನಾಬ್ ತಗ್ಗಿಸಿದೆವು. ಕೆಳಗಿನ ಸದ್ದು ನನ್ನ ಬಾಸ್ ಗಿಟಾರಿನ ಪಾಲು, ಎರಡೂ ಒಂದೇ ಜಾಗಕ್ಕೆ ನುಗ್ಗಿದರೆ ಮಿಕ್ಸ್ ಕೆಸರಾಗುತ್ತದೆ.

ಮೈಕು ಶೂರ್ ಎಸ್‌ಎಂ57. ಸ್ಪೀಕರ್ ಬಟ್ಟೆಯಿಂದ ಒಂದೆರಡು ಇಂಚು ದೂರದಲ್ಲಿ ಇಟ್ಟಿದ್ದೇವೆ. ಕೋನ್‌ನ ನಡುವಿಗೆ ನೇರ ಹಿಡಿದರೆ ಸದ್ದು ಹರಿತ, ಅಂಚಿನ ಕಡೆ ಸರಿಸಿದಷ್ಟೂ ಮೃದು. ನಡುವಿನ ಗುಂಡು ಮುಗಿದು ಕಾಗದ ಶುರುವಾಗುವ ಗೆರೆಯ ಹತ್ತಿರ ನಮಗೆ ಬೇಕಾದ್ದು ಸಿಕ್ಕಿತು. ಪ್ರತಿ ಹಾಡನ್ನೂ ಎರಡು ಸಲ ಪೂರ್ತಿ ನುಡಿಸಿ, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕುತ್ತೇವೆ. ಒಂದೇ ಟೇಕನ್ನು ನಕಲು ಮಾಡಿ ಎರಡೂ ಕಡೆ ಇಟ್ಟರೆ ಅದು ಮಧ್ಯದಲ್ಲೇ ಕೂರುತ್ತದೆ. ಎರಡು ಬಾರಿ ಬೇರೆಬೇರೆಯಾಗಿ ನುಡಿಸಿದಾಗ ಬರುವ ಕಣ್ಣಿಗೆ ಕಾಣದಷ್ಟು ವ್ಯತ್ಯಾಸದಿಂದಲೇ ಸದ್ದಿಗೆ ಅಗಲ ಬರುವುದು. ತಂತಿ 10ರಿಂದ 46ರ ದಪ್ಪದ ಸೆಟ್ ಇತ್ತು, ಇನ್ನೂ ದಪ್ಪದ 11ರ ಸೆಟ್ಟಿಗೆ ಬದಲಾಯಿಸಿದ್ದೇವೆ; ಜೋರು ಏಟಿಗೆ ಸ್ವರ ಮೇಲಕ್ಕೆ ಜಾರುವುದು ಕಡಿಮೆಯಾಯಿತು. ಗಿಟಾರಿನ ಜ್ಯಾಕ್ ಕರಕರ ಅನ್ನುತ್ತಿತ್ತು, ಎಸ್.ಪಿ. ರೋಡಿನಿಂದ ಹೊಸದು ತಂದು ಬೆಸುಗೆ ಹಾಕಿದ ಮೇಲೆ ಸರಿಯಾಗಿದೆ.

ಮೂರನೇ ಹಾಡು

ಇಡೀ ಇಪಿಯಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಮೂರನೇ ಹಾಡಿನ ಜೊತೆ. ಬ್ಯಾಂಡಿನ ಹೆಸರೇ ಹಾಡಿನ ಹೆಸರು: 'ಬ್ಯಾಡ್ ರಿಲಿಜನ್'. ಇದು ಹೊಸ ಹಾಡಲ್ಲ. 1981ರ ಮೊದಲ ಇಪಿಯಲ್ಲಿ ಗುರೆವಿಟ್ಜ್ ಗಿಟಾರಿನೊಂದಿಗೆ ಬಂದಿತ್ತು. ನಾಲ್ಕು ವರ್ಷದ ನಂತರ ಅದೇ ಹಾಡನ್ನು ಹೆಟ್ಸನ್ ನುಡಿಸಿದ್ದಾನೆ, ಗುರೆವಿಟ್ಜ್ ರೆಕಾರ್ಡ್ ಮಾಡಿಸಿದ್ದಾನೆ. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ಮೊದಲನೆಯದು ಹೈಸ್ಕೂಲ್ ಹುಡುಗರ ಅವಸರ, ಈಗಲೋ ಆಗಲೋ ಮುಗ್ಗರಿಸುವಂತಿದೆ, ಅದರ ಜೀವವೂ ಅಲ್ಲೇ ಇದೆ. 1985ರದ್ದು ನೆಲದ ಮೇಲೆ ಕಾಲೂರಿ ನಿಂತಿದೆ. ಹೆಟ್ಸನ್ ಹಾಡನ್ನು ತನ್ನದು ಮಾಡಿಕೊಳ್ಳಲು ಅಲಂಕಾರ ಸೇರಿಸಿಲ್ಲ. ಹಾಡನ್ನು ಇದ್ದ ಹಾಗೇ ಇಟ್ಟು ತನ್ನ ಕೈಬಲ ಕೊಟ್ಟಿದ್ದಾನೆ. ಹೊಸ ಗಿಟಾರಿಸ್ಟನನ್ನು ಪರಿಚಯಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚುವುದಿಲ್ಲ. ಕೇಳುಗರಿಗೆ ಗೊತ್ತಿರುವ ಹಾಡೊಂದನ್ನು ಅವನ ಕೈಗೆ ಕೊಟ್ಟು, ಅದರ ಹಿಂದೆ ಮುಂದೆ ಅವನೊಂದಿಗೇ ಶುರುವಾಗುವ ಹಾಡುಗಳನ್ನು ಇಡುವುದು. ಐದೇ ಹಾಡಾದ್ದರಿಂದ ಈ ಜೋಡಣೆ ಎದ್ದು ಕಾಣುತ್ತದೆ. ಹದಿನಾಲ್ಕು ಹಾಡಿನ ಆಲ್ಬಮ್ಮಿನಲ್ಲಾಗಿದ್ದರೆ ಕಳೆದುಹೋಗುತ್ತಿತ್ತು.

ಇದರ ಮಿಕ್ಸ್ ಪುಣೆಯಿಂದ ಬಂದ ರಾತ್ರಿ ಹಳಬ ಫೋನ್ ಮಾಡಿದ. "ಅವನು ನನ್ನ ಥರ ನುಡಿಸೋಕೆ ನೋಡ್ತಿದಾನೆ ಕಣೋ. ಬೇಡ ಅಂತ ಹೇಳು. ಎರಡನೇ ಟೇಕ್‌ನಲ್ಲಿ ಅವನದೇ ಕೈ ಇದೆ, ಅದನ್ನೇ ಇಟ್ಟಿದೀನಿ" ಅಂದ. ಕೇಳಿ ನೋಡಿದರೆ ನಿಜ. ಎರಡನೇ ಟೇಕ್‌ನಲ್ಲಿ ಸಾಲಿನ ತುದಿಯ ಆ ಸಣ್ಣ ಹಿಡಿತ ಸ್ಪಷ್ಟವಾಗಿದೆ. ಹುಡುಗನಿಗೆ ಹೇಳಿದಾಗ ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು.

ನಾಲ್ಕನೆಯದು 'ಅಲಾಂಗ್ ದ ವೇ', ಎರಡು ನಿಮಿಷವನ್ನೂ ಮುಟ್ಟದ ಹಾಡು. ಈ ಬ್ಯಾಂಡ್ ಮುಂದೆ ಏನಾಗಲಿದೆ ಅನ್ನುವುದು ನನಗೆ ಇಲ್ಲೇ ಕೇಳುತ್ತದೆ: ವೇಗದ ಗಿಟಾರ್, ಅದರ ಮೇಲೆ ಎಳೆದು ಹಾಡುವ ಅಗಲವಾದ ರಾಗ. ಗುರೆವಿಟ್ಜ್ ಆಮೇಲೆ ಗಿಟಾರಿಗೆ ಮರಳಿದ, ಹೆಟ್ಸನ್‌ನೂ ಉಳಿದ, ಬೆಂಟ್ಲಿಯೂ ಬಂದ. 1988ರ 'ಸಫರ್' ಆಲ್ಬಮ್ಮಿನಲ್ಲಿ ಗುರೆವಿಟ್ಜ್, ಹೆಟ್ಸನ್ ಇಬ್ಬರ ಗಿಟಾರೂ ಒಟ್ಟಿಗೆ ಇದೆ, ಅದರ ನಂತರ ಬಂದ ಎಷ್ಟೋ ಬ್ಯಾಂಡುಗಳು ಆ ಸದ್ದನ್ನೇ ಹಿಡಿದು ಹೊರಟವು. ಇಪಿಯೊಂದರಲ್ಲಿ ಪರಿಚಯವಾದ ಹೆಟ್ಸನ್ 2013ರವರೆಗೂ ಬ್ಯಾಂಡಿನಲ್ಲಿದ್ದ. 1991ರಲ್ಲಿ ಹಳೆಯ ರೆಕಾರ್ಡುಗಳನ್ನೆಲ್ಲ ಸೇರಿಸಿ '80-85' ಸಂಕಲನ ತಂದಾಗ 1983ರ ಆಲ್ಬಮ್ಮನ್ನು ಹೊರಗಿಟ್ಟರು, ಈ ಇಪಿಯನ್ನು ಸೇರಿಸಿಕೊಂಡರು.

ಈಗಿನ ಸ್ಥಿತಿ

ಮೊದಲ ನಾಲ್ಕು ಹಾಡುಗಳ ಡ್ರಮ್ಸ್, ಬಾಸ್, ಗಿಟಾರ್ ಮುಗಿದಿವೆ. 'ಅಲಾಂಗ್ ದ ವೇ'ಗೆ ಹಿಮ್ಮೇಳದ ದನಿಗಳು ಬಾಕಿ. ಅಲ್ಲಿ ಕ್ವಾಯರ್ ಹುಡುಗನೇ ನಮ್ಮ ಮೇಷ್ಟ್ರು, ಮೂರು ದನಿಗಳನ್ನೂ ಬಿಡಿಸಿ ಫೋನಿನಲ್ಲಿ ಹಾಡಿ ಕಳಿಸಿದ್ದಾನೆ. ಡ್ರಮ್ಮರ್‌ಗೆ ಕೆಳಗಿನ ದನಿ, ನನಗೆ ನಡುವಿನದು. ಕೊನೆಯ ಹಾಡು 'ನ್ಯೂ ಲೀಫ್' ಇನ್ನೂ ಮುಟ್ಟಿಲ್ಲ. ಭಾನುವಾರ ಬೆಳಗ್ಗೆ ಜ್ಯಾಮ್ ರೂಮ್ ಹಿಡಿದಿದ್ದೇವೆ, ಸ್ನೇರ್ ಡ್ರಮ್ಮಿನ ಚರ್ಮ ಅಷ್ಟರೊಳಗೆ ಬದಲಾಯಿಸಬೇಕು.

ನಮ್ಮ ಸ್ವಂತ ಇಪಿಗೂ ಒಂದು ನಿರ್ಧಾರ ಆಗಿದೆ. ಐದು ಹಾಡು, ನಾಲ್ಕು ಹೊಸವು. ಮೂರನೆಯದಾಗಿ, ಪುಣೆಗೆ ಹೋದವನು ಬರೆದು ನಾವು ಮೊದಲ ಶೋನಿಂದಲೂ ನುಡಿಸುತ್ತ ಬಂದ ಹಾಡು, ಈ ಸಲ ಹೊಸ ಹುಡುಗನ ಗಿಟಾರಿನಲ್ಲಿ. ಮಿಕ್ಸ್ ಮಾಡುವವನು ದೀಪಾವಳಿ ರಜೆಗೆ ಊರಿಗೆ ಬರುತ್ತಾನೆ, ಆ ಹಾಡಿನ ಗಿಟಾರ್ ಟೇಕುಗಳನ್ನು ಆಗಲೇ, ಅವನು ಎದುರಿಗೆ ಕೂತಿರುವಾಗಲೇ ಮಾಡುತ್ತೇವೆ.