ರೋವರ್ ವಾಹನದ ಕೆಲಸ: ಕಂಬ, ಕೇಬಲ್, ಬ್ಯಾಟರಿ

ಹವ್ಯಾಸಿ ರೇಡಿಯೋ (ಹ್ಯಾಮ್) ಸ್ಪರ್ಧೆಗಳಲ್ಲಿ ವಾಹನದಲ್ಲಿ ಜಾಗದಿಂದ ಜಾಗಕ್ಕೆ ಸಂಚರಿಸುತ್ತ ಸಂಪರ್ಕ ಸಾಧಿಸುವ ಕೇಂದ್ರವೇ ರೋವರ್. ನನ್ನ ರೋವರ್ ವಾಹನದ ಮೇಲಿನ ಆಂಟೆನಾ ಕಂಬ ಕೊನೆಗೂ ಒಂದು ರೂಪಕ್ಕೆ ಬಂದಿದೆ. ವಾಹನ ನಿಂತ ಕ್ಷಣದಿಂದ ಮೊದಲ ಸಿಕ್ಯು ಕರೆ (ಕೇಳಿದವರು ಯಾರಾದರೂ ಉತ್ತರಿಸಿ ಎಂಬ ಕರೆ) ಹೊರಡುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅದನ್ನು ಕಟ್ಟಿದೆ. ವ್ಯಾಟ್‌ಗಳ ಬಗ್ಗೆ ಹರಟುವುದು ಹ್ಯಾಮ್‌ಗಳಿಗೆಲ್ಲ ಪ್ರಿಯವೇ. ಆದರೆ 50 ವ್ಯಾಟ್‌ನಿಂದ 100 ವ್ಯಾಟ್‌ಗೆ ಏರಿದರೆ ಸಿಗುವುದು 3 ಡೆಸಿಬೆಲ್ (ಸಂಕೇತದ ಬಲದ ಅನುಪಾತ ಹೇಳುವ ಮಾನ) ಮಾತ್ರ. ನಿಂತಲ್ಲೆಲ್ಲ ಅರ್ಧ ಗಂಟೆ ಕಂಬ ನಿಲ್ಲಿಸುತ್ತ ಕುಳಿತರೆ ದಿನದ ಕೊನೆಗೆ ಒಂದೆರಡು ಗ್ರಿಡ್‌ಗಳೇ ಕೈತಪ್ಪುತ್ತವೆ.

ಗ್ರಿಡ್ ಎಂದರೆ ಮೇಡನ್‌ಹೆಡ್ ಚೌಕ, ಭೂಪಟವನ್ನು ಹಂಚುವ ಮನೆಗಳಲ್ಲಿ ಒಂದು. 1980ರಲ್ಲಿ ಲಂಡನ್ ಸಮೀಪದ ಮೇಡನ್‌ಹೆಡ್‌ನಲ್ಲಿ ನಡೆದ ವಿಎಚ್‌ಎಫ್ (ಅತಿ ಹೆಚ್ಚು ಆವರ್ತನದ ರೇಡಿಯೋ) ವ್ಯವಸ್ಥಾಪಕರ ಸಭೆ ಒಪ್ಪಿದ ಪದ್ಧತಿ ಇದು. ಹೆಸರಿಗೆ ಚೌಕವಾದರೂ ಅಗಲ 2 ಡಿಗ್ರಿ ರೇಖಾಂಶ, ಎತ್ತರ 1 ಡಿಗ್ರಿ ಅಕ್ಷಾಂಶ. ಭೂಮಧ್ಯರೇಖೆಯ ಬಳಿ ಒಂದು ಗ್ರಿಡ್ ಸುಮಾರು 222 ಕಿಲೋಮೀಟರ್ ಅಗಲವಿದ್ದರೆ, 45 ಡಿಗ್ರಿ ಅಕ್ಷಾಂಶದಲ್ಲಿ ಅದು 157 ಕಿಲೋಮೀಟರಿಗೆ ಇಳಿಯುತ್ತದೆ. ಅಮೆರಿಕದ ಹವ್ಯಾಸಿ ರೇಡಿಯೋ ಸಂಘ ಎಆರ್‌ಆರ್‌ಎಲ್ ಜನವರಿ, ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ನಡೆಸುವ ವಿಎಚ್‌ಎಫ್ ಸ್ಪರ್ಧೆಗಳಲ್ಲಿ ಪ್ರತಿ ಬ್ಯಾಂಡ್‌ನಲ್ಲೂ (ಆವರ್ತನ ಪಟ್ಟಿಯಲ್ಲೂ) ಸಿಕ್ಕ ಪ್ರತಿ ಹೊಸ ಗ್ರಿಡ್ ಒಂದು ಗುಣಕ; ಸಂಪರ್ಕಗಳ ಅಂಕವನ್ನು ಗುಣಕಗಳ ಮೊತ್ತದಿಂದ ಗುಣಿಸುತ್ತಾರೆ. ರೋವರ್‌ಗೆ ತಾನು ನಿಂತು ಸಂಪರ್ಕ ಸಾಧಿಸಿದ ಗ್ರಿಡ್‌ಗಳೂ ಗುಣಕಕ್ಕೆ ಸೇರುತ್ತವೆ. ಮೇಲಾಗಿ ಗ್ರಿಡ್ ಬದಲಾದೊಡನೆ ಅದೇ ಕೇಂದ್ರಗಳನ್ನು ಮತ್ತೆ ಕರೆಯಬಹುದು. ಯುರೋಪಿನ ದೊಡ್ಡ ಸ್ಪರ್ಧೆಗಳ ಲೆಕ್ಕ ಬೇರೆ: ಅಲ್ಲಿ ಕಿಲೋಮೀಟರಿಗೆ ಒಂದು ಅಂಕ. ಒಂದು ಒಳ್ಳೆಯ ಗುಡ್ಡ ಹಿಡಿದು ಕೂತವನೇ ಜಾಣ. ನನ್ನ ಸ್ವಭಾವಕ್ಕೆ ಮೊದಲನೆಯ ಪದ್ಧತಿಯೇ ಒಗ್ಗುತ್ತದೆ.

ಹೀಗಾಗಿ ರೋವರ್ ಮೊದಲು ಹುಡುಕುವುದು ನಾಲ್ಕು ಗ್ರಿಡ್‌ಗಳು ಸೇರುವ ಮೂಲೆಯನ್ನು. ಅಲ್ಲಿ ಕೆಲವೇ ಕಿಲೋಮೀಟರ್ ಸುತ್ತಾಡಿ ನಾಲ್ಕು ಗ್ರಿಡ್‌ಗಳಿಂದ ಕರೆ ಮಾಡಬಹುದು. ಆದರೆ ಈ ಮೂಲೆಗಳನ್ನು ಗುರುತಿಸಿದ್ದು ಗಣಿತ. ಅವು ಗುಡ್ಡದ ತುದಿಗೇ ಬರಬೇಕೆಂದೇನೂ ಇಲ್ಲ. ಕೆರೆಯಲ್ಲೋ ಕಾಡಿನಲ್ಲೋ ತಗ್ಗಿನಲ್ಲೋ ಬಿದ್ದಿರುತ್ತವೆ. ಎರಡು ಮೀಟರ್ ಎತ್ತರದ ಆಂಟೆನಾಗೆ ರೇಡಿಯೋ ದಿಗಂತ ಇರುವುದು ಸುಮಾರು 6 ಕಿಲೋಮೀಟರ್ ದೂರದಲ್ಲಿ. ಸುತ್ತಲಿನ ನೆಲಕ್ಕಿಂತ ನೂರು ಮೀಟರ್ ಎತ್ತರದ ದಿಬ್ಬ ಸಿಕ್ಕರೆ ಅದು 41 ಕಿಲೋಮೀಟರಿಗೆ ಸರಿಯುತ್ತದೆ. ದಿಗಂತದಾಚೆಗೂ ವಾಯುಮಂಡಲದ ಚದುರಿಕೆಯಿಂದ ಸಂಕೇತ ಹೋಗುತ್ತದೆ, ನಿಜ; ಆದರೆ ಎದುರಿಗೆ ಗುಡ್ಡ ಅಡ್ಡವಿದ್ದರೆ ಆ ಚದುರಿಕೆಯ ಲಾಭವೂ ಕರಗುತ್ತದೆ. ಆದ್ದರಿಂದ ನಕ್ಷೆಯಲ್ಲಿ ನಾನು ಗುರುತು ಹಾಕುತ್ತಿರುವುದು ಮೂಲೆಗೆ ಹತ್ತಿರವಿರುವ, ಯಾವುದಾದರೂ ಎರಡು ದಿಕ್ಕಿಗಾದರೂ ತೆರೆದಿರುವ ಜಾಗಗಳನ್ನು. ನಾಲ್ಕೂ ದಿಕ್ಕು ಬೇಕೆಂದು ಹಟ ಹಿಡಿದರೆ ಮನೆಯಲ್ಲೇ ಕೂರಬೇಕಾದೀತು.

ಆಂಟೆನಾ ವಿಷಯದಲ್ಲಿ ಎರಡು ವ್ಯವಸ್ಥೆಗಳು. ಚಲಿಸುವಾಗ 144 ಮತ್ತು 432 ಮೆಗಾಹರ್ಟ್ಸ್‌ಗೆ ಒಂದೊಂದು ಹೇಲೋ. ಅರ್ಧ ತರಂಗದ ಡೈಪೋಲನ್ನು ಬಳೆಯಂತೆ ಬಗ್ಗಿಸಿದರೆ ಆಗುವುದೇ ಹೇಲೋ. ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ರೀತಿ ಕೇಳುತ್ತದೆ, ಗಳಿಕೆ (ಸಂಕೇತವನ್ನು ಒಂದು ದಿಕ್ಕಿಗೆ ಬಲಪಡಿಸುವ ಗುಣ) ಮಾತ್ರ ಕಡಿಮೆ. ವಿಪ್ ಆಂಟೆನಾ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಎಫ್‌ಎಂಗೆ ಸರಿ. ಆದರೆ ಎಸ್‌ಎಸ್‌ಬಿ (ಕಿರಿದಾದ ಪಟ್ಟಿಯಲ್ಲಿ ಧ್ವನಿ ಕಳಿಸುವ ವಿಧಾನ) ಮತ್ತು ಮೋರ್ಸ್ ಕೇಂದ್ರಗಳು ಬಹುತೇಕ ಅಡ್ಡ ಧ್ರುವೀಕರಣದಲ್ಲಿರುತ್ತವೆ, ಅಂದರೆ ಅವುಗಳ ಆಂಟೆನಾ ಕಡ್ಡಿಗಳು ನೆಲಕ್ಕೆ ಸಮಾಂತರ. ನೆಟ್ಟಗೆ ನಿಂತ ವಿಪ್‌ನಿಂದ ಅವುಗಳನ್ನು ಕರೆದರೆ 20 ಡೆಸಿಬೆಲ್‌ನಷ್ಟು ನಷ್ಟವಾಗಬಹುದು. ನೂರು ವ್ಯಾಟ್ ಕಳಿಸಿ ಒಂದು ವ್ಯಾಟ್‌ನ ಫಲ ಉಣ್ಣುವುದು ಯಾರಿಗೆ ಬೇಕು?

ನಿಂತಾಗ ಯಾಗಿ, ಅಂದರೆ ಒಂದೇ ದಿಕ್ಕಿಗೆ ಗುರಿಯಿಡುವ ಸಾಲು ಕಡ್ಡಿಗಳ ಆಂಟೆನಾ. ಇಲ್ಲಿ ಬೇಕೆಂದೇ ಗಿಡ್ಡ ಯಾಗಿಗಳನ್ನು ಆರಿಸಿಕೊಂಡಿದ್ದೇನೆ. ಬೂಮ್‌ನ (ಕಡ್ಡಿಗಳನ್ನು ಹೊರುವ ದಂಡದ) ಉದ್ದ ಇಮ್ಮಡಿಯಾದರೂ ಗಳಿಕೆ 3 ಡೆಸಿಬೆಲ್‌ನಷ್ಟೂ ಏರುವುದಿಲ್ಲ. ಕಿರಣ ಮಾತ್ರ ಕಿರಿದಾಗುತ್ತದೆ. ಆಗ ದಿಕ್ಕು ಸರಿಮಾಡುವುದಕ್ಕೇ ಸಮಯ ಹೋಗುತ್ತದೆ. ಗಿಡ್ಡ ಯಾಗಿಯನ್ನು ಅಂದಾಜಿನಲ್ಲಿ ತಿರುಗಿಸಿದರೂ ಸಾಕು. ಅವನ್ನು ಕಳಚದೆಯೇ ಕಂಬ ಮಡಚಿಕೊಳ್ಳುವಂತೆ ಬುಡದಲ್ಲಿ ತಿರುಗುಣಿ ಹಾಕಿದ್ದೇನೆ. ಕಂಬ ಏರಿಸುವ ಮೊದಲು ತಲೆಯೆತ್ತಿ ವಿದ್ಯುತ್ ತಂತಿ ಇದೆಯೇ ಎಂದು ನೋಡುವುದು, ಎಷ್ಟೇ ಅವಸರವಿದ್ದರೂ, ಬಿಡುವಂತಿಲ್ಲ.

ಕೇಬಲ್ ಬದಲಾಯಿಸಿದ್ದೂ ಆಯಿತು. ಆರ್‌ಜಿ-58 ಎಂಬ ತೆಳು ಕೇಬಲ್‌ನ ಐದು ಮೀಟರ್ ತುಂಡು 432 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಡೆಸಿಬೆಲ್ ನುಂಗುತ್ತದೆ, ಅಂದರೆ ಶಕ್ತಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು. ಬದಲಿಗೆ ಹಾಕಿದ ದಪ್ಪ ಕೇಬಲ್ ಬಾಗಲು ಮೊಂಡುತನ ಮಾಡುತ್ತದೆ, ಆದ್ದರಿಂದ ತಿರುಗುಣಿಯ ಬಳಿ ಮಾತ್ರ ಒಂದು ಮೆದು ತುಂಡು.

ವಿದ್ಯುತ್ತಿನ ಲೆಕ್ಕದಲ್ಲಿ ಹೆಚ್ಚು ತಲೆ ಓಡಿತು. 100 ವ್ಯಾಟ್‌ನ ರೇಡಿಯೋ ಪ್ರಸಾರ ಮಾಡುವಾಗ 20 ಆಂಪಿಯರ್ ಆಸುಪಾಸು ಎಳೆಯುತ್ತದೆ. ನಾಲ್ಕು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದರೆ ಹೋಗಿಬರುವ ದಾರಿಯಲ್ಲೇ ಒಂದು ವೋಲ್ಟ್‌ಗಿಂತ ಹೆಚ್ಚು ಕುಸಿಯುತ್ತದೆ. ಎಂಜಿನ್ ನಿಲ್ಲಿಸಿದ ವಾಹನದ ಸೀಸದ ಬ್ಯಾಟರಿ ಮೊದಲೇ 12.6 ವೋಲ್ಟ್, ಅದರಲ್ಲಿ ಇನ್ನೊಂದು ಹೋದರೆ ಧ್ವನಿ ಒಡೆಯತೊಡಗುತ್ತದೆ. 10 ಚದರ ಮಿಲಿಮೀಟರ್ ತಂತಿಯಲ್ಲಿ ಕುಸಿತ 0.3 ವೋಲ್ಟ್‌ನೊಳಗೇ. ರೇಡಿಯೋಗೆ ಪ್ರತ್ಯೇಕ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಟ್ಟಿದ್ದೇನೆ. ಹೊರೆ ಬಿದ್ದರೂ ಬಹುಪಾಲು ಹೊತ್ತು 13 ವೋಲ್ಟ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಂಜಿನ್ ಬಂದ್ ಮಾಡಿದರೆ ಆಲ್ಟರ್ನೇಟರ್‌ನ ಕೊರೆತವೂ ಇಲ್ಲ. ಉಳಿದ ಗದ್ದಲದಲ್ಲಿ ದೊಡ್ಡ ಪಾಲು ಫೋನ್ ಚಾರ್ಜರ್‌ನದು. ಕಿತ್ತೆಸೆದರೆ 144ರಲ್ಲಿ ಕ್ಷೀಣ ಕೇಂದ್ರಗಳು ಮೇಲೇಳುತ್ತವೆ. ಗದ್ದಲ ತಡೆಯುವ ಫೆರೈಟ್ ಉಂಗುರಕ್ಕೆ ತಂತಿ ಸುತ್ತಿ ಅದನ್ನು ಸುಧಾರಿಸುವ ತಾಳ್ಮೆ ನನಗಿಲ್ಲ.

ಎಫ್‌ಟಿ8 (ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಡಿಜಿಟಲ್ ವಿಧಾನ) ಬೇಕೇ ಬೇಡವೇ ಎಂಬ ಚರ್ಚೆ ಗೆಳೆಯರೊಡನೆ ಮುಗಿದಿಲ್ಲ. 50 ಮೆಗಾಹರ್ಟ್ಸ್‌ನಲ್ಲಿ ಸ್ಪೊರಾಡಿಕ್ ಇ (ಮೇಲಿನ ವಾಯುಮಂಡಲದ ಪದರ ಆಗೊಮ್ಮೆ ಈಗೊಮ್ಮೆ ಸಂಕೇತವನ್ನು ದೂರಕ್ಕೆ ಮರಳಿಸುವ ಸ್ಥಿತಿ) ತೆರೆದ ದಿನ, ಅಥವಾ ಸಂಕೇತ ಕಿವಿಗೆ ನಿಲುಕದಷ್ಟು ಕ್ಷೀಣವಾಗಿದ್ದಾಗ ಅದು ಉಪಕಾರಿ. ಆದರೆ 15 ಸೆಕೆಂಡುಗಳ ಸರದಿಯಲ್ಲಿ ಒಂದು ಸಂಪರ್ಕ ಮುಗಿಯಲು ಒಂದು ನಿಮಿಷಕ್ಕಿಂತ ಹೆಚ್ಚೇ ಬೇಕು. ಧ್ವನಿಯಲ್ಲಿ ಕರೆಸಂಕೇತ, ಗ್ರಿಡ್, ಒಂದು 'ರೋಜರ್' ಹೇಳಿದರೆ ಮುಗಿಯಿತು, ತಕ್ಷಣ "432ಕ್ಕೆ ಬರುತ್ತೀರಾ?" ಎಂದು ಕೇಳಬಹುದು. ಒಬ್ಬ ಕೇಳುಗನನ್ನು ಬ್ಯಾಂಡ್‌ನಿಂದ ಬ್ಯಾಂಡ್‌ಗೆ ಕರೆದೊಯ್ಯುವ ಈ ಆಟದಲ್ಲೇ ರೋವರ್‌ನ ಅಂಕ ಬೆಳೆಯುವುದು. 432ರ ಸಂಪರ್ಕಕ್ಕೆ ಎಆರ್‌ಆರ್‌ಎಲ್ ಲೆಕ್ಕದಲ್ಲಿ 2 ಅಂಕ, ಗುಣಕವೂ ಪ್ರತ್ಯೇಕ. ಲ್ಯಾಪ್‌ಟಾಪ್ ಇರುತ್ತದೆ, ಗಡಿಯಾರ ಸರಿಯಿರಲು ಜಿಪಿಎಸ್ ಕೂಡ. ಹೇಗೂ ಗ್ರಿಡ್ ಗಡಿ ದಾಟಿದ್ದು ತಿಳಿಯಲು ಜಿಪಿಎಸ್ ಬೇಕೇ ಬೇಕು. ಚಲಿಸುವಾಗ ಚಾಲಕನ ಕೈ ಸ್ಟಿಯರಿಂಗ್ ಮೇಲೆ ಮಾತ್ರ. ಲಾಗ್ ಬರೆಯುವುದು ಪಕ್ಕದಲ್ಲಿ ಕುಳಿತವರ ಕೆಲಸ.

ಬಾಕಿ ಉಳಿದಿರುವುದು 1296 ಮೆಗಾಹರ್ಟ್ಸ್ ಬ್ಯಾಂಡ್. ಕಂಬದ ತುದಿಯಲ್ಲಿ ಲೂಪ್ ಯಾಗಿಗೆ ಜಾಗ ಬಿಟ್ಟಿದ್ದೇನೆ. ಆ ಆವರ್ತನದಲ್ಲಿ ಕೇಬಲ್ ನಷ್ಟ ಇನ್ನೂ ಕ್ರೂರ. ಹಾಗಾಗಿ ಗ್ರಾಹಕದ ಪೂರ್ವವರ್ಧಕ (ಬಂದ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಸಾಧನ) ಕಂಬದ ಮೇಲೆಯೇ ಕೂರಬೇಕು. ಪ್ರಸಾರದ ಶಕ್ತಿ ಅದರೊಳಗೆ ನುಗ್ಗಿ ಸುಟ್ಟುಹಾಕದಂತೆ ರಿಲೇಗಳನ್ನು ಕ್ರಮವಾಗಿ ಬದಲಿಸುವ ಸೀಕ್ವೆನ್ಸರ್ ಬೇಕು. ಅದರ ವಿದ್ಯುನ್ಮಂಡಲ ಮೇಜಿನ ಮೇಲಿದೆ, ರಿಲೇ ಇನ್ನೂ ಬಂದಿಲ್ಲ.