ಪುಣೆ ಬಾಲ್ಕನಿಯ ಕಾಫಿ, 22ನೇ ತಿಂಗಳು: ಎರಡು ಎಲೆ ಪಕ್ಕಪಕ್ಕ ಇಟ್ಟಾಗ

ಮೊನ್ನೆ ಭಾನುವಾರ ನೆರಳಿರುವ ಪೂರ್ವದ ಬಾಲ್ಕನಿಯ ಗಿಡದಿಂದ ಒಂದು, ಬಿಸಿಲು ಬೀಳುವ ಪಶ್ಚಿಮದ ಗಿಡದಿಂದ ಒಂದು ಎಲೆ ಕಿತ್ತು ಅಡುಗೆಮನೆ ಕಟ್ಟೆಯ ಮೇಲಿಟ್ಟೆ. ಎರಡೂ ನಮ್ಮ ಕೊಪ್ಪದ ತೋಟದ ಒಂದೇ ಗಿಡದ ಬೀಜ, 2024ರ ಜನವರಿಯಲ್ಲಿ ಒಂದೇ ದಿನ ಬಿತ್ತಿದ್ದು. ಪೂರ್ವದ ಎಲೆ 16.4 ಸೆಂ.ಮೀ. ಉದ್ದ, 6.9 ಸೆಂ.ಮೀ. ಅಗಲ. ಪಶ್ಚಿಮದ್ದು 11.2 ಉದ್ದ, 4.5 ಅಗಲ. ಕಾಫಿ ಎಲೆಯ ಉದ್ದವನ್ನು ಅಗಲದಿಂದ ಗುಣಿಸಿ ಮೂರರಲ್ಲಿ ಎರಡು ಪಾಲು ತೆಗೆದುಕೊಂಡರೆ ವಿಸ್ತೀರ್ಣ ಹೆಚ್ಚುಕಮ್ಮಿ ಸಿಗುತ್ತದೆ. ಹಾಗೆ ನೋಡಿದರೆ ಒಂದು 75 ಚದರ ಸೆಂ.ಮೀ., ಇನ್ನೊಂದು 34ರ ಒಳಗೆ. ಆದರೆ ಸಣ್ಣ ತಕ್ಕಡಿಯಲ್ಲಿ ಇಟ್ಟಾಗ ತೂಕ ಅರ್ಧಕ್ಕೆ ಇಳಿಯಲಿಲ್ಲ: 1.3 ಗ್ರಾಂ, 0.8 ಗ್ರಾಂ. ಬಿಸಿಲಿನ ಎಲೆ ಚಿಕ್ಕದು, ಆದರೆ ದಪ್ಪ.

ಬೆರಳಲ್ಲಿ ಹಿಡಿದರೂ ಗೊತ್ತಾಗುತ್ತದೆ. ನೆರಳಿನದು ಹಸಿ ಪತ್ರೊಡೆ ಎಲೆಯ ಹಾಗೆ ಮೆತ್ತಗೆ, ಕಡುಹಸಿರು. ಬಿಸಿಲಿನದಕ್ಕೆ ಮೇಣ ಸವರಿದ ಹೊಳಪು, ಮಡಿಸಿದರೆ ಚಟ್ ಎನ್ನುತ್ತದೆ, ಹಸಿರು ಸ್ವಲ್ಪ ತಿಳಿ. ಬೆನ್ನು ತಿರುಗಿಸಿದರೆ ನಡುನರದಿಂದ ಪಕ್ಕದ ನರ ಕವಲೊಡೆಯುವ ಮೂಲೆಮೂಲೆಯಲ್ಲೂ ಸೂಜಿಮೊನೆಯಷ್ಟು ಗುಳಿ. ಅದು ಮಾತ್ರ ಎರಡರಲ್ಲೂ ಹಾಗೇ ಇದೆ.

ಈ ಎರಡು ಎಲೆಗೆ ಬಂದು ಮುಟ್ಟಲು ಎರಡು ಗಿಡ ಕಳೆದುಕೊಂಡಿದ್ದೇನೆ. ಅದನ್ನೂ ಬರೆದಿಡುತ್ತೇನೆ.

ತಳಿ ಎಸ್.795. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಕೆಂಟ್ಸ್ ಮತ್ತು ಎಸ್.288 ಕೂಡಿಸಿ ಮಾಡಿದ್ದು, 1940ರ ದಶಕದಿಂದ ನಮ್ಮ ಕಡೆ ತೋಟಗಳಲ್ಲಿದೆ. ಬೀಜ ಮೇಲೇಳಲು ಏಳು ವಾರ ಹಿಡಿಯಿತು. ಬೀಜದ ಸಿಪ್ಪೆ ಇನ್ನೂ ತಲೆಯ ಮೇಲಿರುವ ಟೋಪಿ ಹಂತದಲ್ಲಿ ಆರು ಸಸಿ ಕವರಿಗೆ ಹಾಕಿದೆ: ಮಣ್ಣು ಆರು ಪಾಲು, ಹಳೇ ಸಗಣಿಗೊಬ್ಬರ ಎರಡು, ಮರಳು ಒಂದು. ಮೊದಲ ಬೇಸಿಗೆ ಎಲ್ಲವೂ ಪೂರ್ವದ ಬಾಲ್ಕನಿಯಲ್ಲಿ, 50 ಪರ್ಸೆಂಟ್ ಹಸಿರು ನೆಟ್ಟಿನ ಕೆಳಗೆ.

2024ರ ಅಕ್ಟೋಬರಿನಲ್ಲಿ, ಮಳೆ ಹೋಗಿ ಇಲ್ಲಿಯವರು ‘ಅಕ್ಟೋಬರ್ ಹೀಟ್’ ಅನ್ನುವ ಬಿಸಿಲು ಬಿದ್ದಾಗ, ನಾಲ್ಕು ಗಿಡ ಎತ್ತಿ ಪಶ್ಚಿಮದ ಬಾಲ್ಕನಿಯಲ್ಲಿಟ್ಟೆ. ಮಧ್ಯಾಹ್ನ ಒಂದೂವರೆಯಿಂದ ಆರರವರೆಗೆ ನೇರ ಬಿಸಿಲು. ನಾಲ್ಕನೇ ದಿನಕ್ಕೆ ಎಲೆಯ ಮೇಲೆ ನಾಲ್ಕಾಣೆ ಅಗಲದ ಬಿಳಿಚು, ವಾರದಲ್ಲಿ ಅದು ಕಂದಾಗಿ ಒಣಗಿ ಹಪ್ಪಳದ ಹಾಗಾಯಿತು. ಎರಡು ಗಿಡ ಎಲೆಯೆಲ್ಲ ಉದುರಿಸಿ ಹೋದವು. ನೀರು ಸಾಲದಿರಬಹುದು ಅಂದುಕೊಂಡು ದಿನಾ ಎರಡು ಹೊತ್ತು ಹಾಕಿದ್ದು ಬೇರಿಗೂ ಒಳ್ಳೆಯದಾಗಲಿಲ್ಲ.

ಆಗ ಗೊತ್ತಿರದಿದ್ದ ವಿಷಯ ಇದು: ಎಲೆ ಬಿಚ್ಚಿಕೊಳ್ಳುವಾಗ ಎಷ್ಟು ಬೆಳಕು ಇತ್ತೋ ಅದಕ್ಕೆ ತಕ್ಕ ಹಾಗೆ ಅದರ ದಪ್ಪ, ಒಳಗಿನ ಕೋಶಗಳ ಪದರ, ಪತ್ರರಂಧ್ರಗಳ ದಟ್ಟಣೆ ಎಲ್ಲ ನಿಗದಿಯಾಗಿಬಿಡುತ್ತದೆ. ಬೆಳೆದ ಎಲೆ ಆಮೇಲೆ ತನ್ನ ಬಣ್ಣದ ವಸ್ತುಗಳನ್ನು ಒಂದಿಷ್ಟು ಹೊಂದಿಸಿಕೊಳ್ಳಬಲ್ಲದೇ ಹೊರತು ಮೈಕಟ್ಟು ಬದಲಾಯಿಸಿಕೊಳ್ಳಲಾರದು. ಕಾಫಿ ಇಥಿಯೋಪಿಯಾದ ಮಲೆಗಳಲ್ಲಿ ದೊಡ್ಡ ಮರಗಳ ಅಡಿ ಬೆಳೆದ ಗಿಡ. ತೆಳುವಾದ, ಅಗಲವಾದ, ಪತ್ರಹರಿತ್ತು ತುಂಬಿದ ಎಲೆ ಸಿಕ್ಕಷ್ಟು ಬೆಳಕನ್ನೂ ಬಾಚಿಕೊಳ್ಳಲೆಂದೇ ಇರುವುದು. ಅದನ್ನು ತಂದು ಪುಣೆಯ ಪಶ್ಚಿಮದ ಬಿಸಿಲಿಗೆ ಹಿಡಿದರೆ ಬಾಚಿದ್ದನ್ನು ಅರಗಿಸಲಾಗದೆ ಸುಟ್ಟುಹೋಗುತ್ತದೆ. ಹೊಂದಿಕೊಳ್ಳುವ ಕೆಲಸ ನಡೆಯುವುದು ಮುಂದೆ ಬರುವ ಎಲೆಜೋಡಿಯಲ್ಲಿ.

ಹಾಗಾಗಿ ಉಳಿದ ಎರಡಕ್ಕೆ ಪಶ್ಚಿಮದಲ್ಲೂ ನೆಟ್ ಕಟ್ಟಿದೆ. ಹೊಸ ಜೋಡಿ ಮೊಳೆತಾಗ ದಿನಕ್ಕೆ ಅರ್ಧ ಗಂಟೆ ಸರಿಸುವುದು, ಹತ್ತು ದಿನಕ್ಕೊಮ್ಮೆ ಇನ್ನರ್ಧ ಗಂಟೆ ಹೆಚ್ಚಿಸುವುದು. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ರಾತ್ರಿ 10 ಡಿಗ್ರಿ ಹತ್ತಿರ ಇಳಿಯುವುದರಿಂದ ಗಿಡ ಸುಮ್ಮನೆ ಕೂತಿತ್ತು. ಚಿಗುರು ಬಂದಿದ್ದು ಫೆಬ್ರವರಿಯಲ್ಲಿ.

ಈ ಎರಡರಲ್ಲಿ ಒಂದಕ್ಕೆ ಡಿಸೆಂಬರಿನಿಂದಲೇ ಹದಿನೈದು ದಿನಕ್ಕೊಮ್ಮೆ ಲೀಟರಿಗೆ 1 ಗ್ರಾಂ ಯೂರಿಯಾ (ಸಾರಜನಕದ ಗೊಬ್ಬರ) ಕರಗಿಸಿ ಕೊಟ್ಟೆ. ಇನ್ನೊಂದಕ್ಕೆ ಬರೀ ನೀರು. ಮಾರ್ಚಿಗೆ ಬಂದ ವ್ಯತ್ಯಾಸ ನೋಡಿ ನನಗೇ ಆಶ್ಚರ್ಯವಾಯಿತು. ಯೂರಿಯಾ ಕಂಡ ಗಿಡದ ಹೊಸ ಎಲೆ ಮೂರು ಗಂಟೆ ಬಿಸಿಲು ತಡೆದುಕೊಂಡು ಹಸಿರಾಗೇ ಇತ್ತು. ಬರೀ ನೀರಿನದು ಅದೇ ಬಿಸಿಲಿಗೆ ಹಳದಿ ತಿರುಗಿತು, ಕೆಳಗಿನ ಹಳೇ ಎಲೆ ಮೊದಲು ಬಿಳಿಚಿ ಉದುರಿತು. ಸಾರಜನಕ ಸಾಲದಾಗ ಗಿಡ ಹಳೇ ಎಲೆಯದನ್ನು ಕಿತ್ತು ಚಿಗುರಿಗೆ ಕೊಡುತ್ತದೆ.

ಚಿಕ್ಕಪ್ಪನಿಗೆ ಫೋಟೋ ಕಳಿಸಿದೆ. ಸಂಜೆ ಫೋನ್ ಬಂತು. ‘ಅಷ್ಟೂ ಗೊತ್ತಾಗಲಿಲ್ವೇನೇ? ನೆರಳು ತೆಗೆದ ಮೇಲೆ ಗೊಬ್ಬರ ಕೊಡಲೇಬೇಕು. ಮರಗಸಿ ಜಾಸ್ತಿ ಮಾಡಿ ಗೊಬ್ಬರ ಹಾಕದೇ ಇದ್ದರೆ ಗಿಡ ಹೊರಲಾರದಷ್ಟು ಕಾಯಿ ಕಟ್ಟಿ ರೆಕ್ಕೆ ಒಣಗುತ್ತೆ. ಚಿಕ್ಕೋಳಿದ್ದಾಗ ನೋಡಿಲ್ವಾ, ಕೆರೆ ಮೇಲಿನ ಪಟ್ಟೆ?’

ನೋಡಿದ್ದೆ. ಕಾರಣ ಕೇಳಿರಲಿಲ್ಲ. (ಮರಗಸಿ ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು, ರೆಕ್ಕೆ ಅಂದರೆ ಕಾಫಿ ಗಿಡದ ಪಕ್ಕದ ಕೊಂಬೆ.) ಈಗ ಓದಿ ತಿಳಿದದ್ದನ್ನು ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ. ಕುಯ್ಲಿನ ದಿನ ಹಣ್ಣು ಮೂಟೆಮೂಟೆ ಬಂದು ಸುರಿಯುತ್ತಿದ್ದು ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್, ಒಂದೇ ಇದ್ದರೆ ಏನಾಗುತ್ತದೆ? ರಾಶಿ ಬಿದ್ದದ್ದು ಬಿಸಿಯಾಗಿ ಹುಳಿಯುತ್ತದೆ. ಎಲೆಗೆ ಬೆಳಕು ಆ ಹಣ್ಣು. ಇಂಗಾಲವನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಕಿಣ್ವ, ರುಬಿಸ್ಕೋ, ಪಲ್ಪರ್. ಅದು ಪ್ರೋಟೀನು, ಅದಕ್ಕೆ ಸಾರಜನಕ ಬೇಕು. ಸಾರಜನಕ ಸಾಕಷ್ಟಿದ್ದ ಕಾಫಿ ಎಲೆಯಲ್ಲಿ ಹೆಚ್ಚಾದ ಬೆಳಕನ್ನು ಬಿಸಿಯಾಗಿ ಹೊರಗೆ ಚೆಲ್ಲುವ ಹಳದಿ ವರ್ಣದ್ರವ್ಯಗಳೂ ಹೆಚ್ಚಿರುತ್ತವೆ. ಮರಗಸಿ ಮತ್ತು ಗೊಬ್ಬರ ಎರಡನ್ನೂ ಒಟ್ಟೊಟ್ಟಿಗೆ ಯೋಚಿಸುವ ತೋಟದವರ ಲೆಕ್ಕ ನನಗೆ ಒಳಗಿನಿಂದ ಕಂಡದ್ದು ಈ ಎರಡು ಕುಂಡದಲ್ಲಿ.

ಬರೀ ನೀರಿನ ಗಿಡಕ್ಕೂ ಏಪ್ರಿಲಿನಿಂದ ಯೂರಿಯಾ ಶುರು ಮಾಡಿದೆ. ಅದನ್ನು ಸಾಯಿಸಿ ಕಲಿಯುವಂಥದ್ದು ಏನೂ ಉಳಿದಿರಲಿಲ್ಲ.

ಆದರೆ ಏಪ್ರಿಲ್ ಕೊನೆಗೆ ಬೇರೆಯೇ ಹಳದಿ ಬಂತು, ನಾಲ್ಕೂ ಗಿಡಕ್ಕೆ. ಈ ಸಲ ಹಳೇ ಎಲೆ ಚೆನ್ನಾಗಿತ್ತು, ತುದಿಯ ಎಳೇ ಎಲೆ ಮಾತ್ರ ಬೆಣ್ಣೆಬಣ್ಣ, ನಡುವೆ ನರಗಳು ಹಸಿರು ಬಲೆಯ ಹಾಗೆ. ನಾನು ಯೂರಿಯಾ ಹೆಚ್ಚಿಸುವುದರಲ್ಲಿದ್ದೆ. ಪಕ್ಕದ ಮನೆಯ ವಿಜಯಪುರದ ಕಾಕು ಬಟ್ಟೆ ಒಣಹಾಕುತ್ತಾ ಗ್ರಿಲ್ಲಿನಿಂದ ನೋಡಿ ಹೇಳಿದರು: ‘ಟ್ಯಾಂಕರ್ ನೀರ ಹಾಕಾಕತ್ತಿ ಏನವಾ? ನಮ್ಮ ದಾಸಾಳಕ್ಕೂ ಹಿಂಗ ಆಗಿತ್ತ ನೋಡು.’

ಅದೇ ಆಗಿತ್ತು. ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಕುಂಡದ ತಳದಿಂದ ಇಳಿದ ನೀರಿಗೆ ಪರೀಕ್ಷೆಯ ಪಟ್ಟಿ ಅದ್ದಿದರೆ ಪಿಎಚ್ (ಹುಳಿ-ಕ್ಷಾರದ ಅಳತೆ) 8. ಕಾಫಿಗೆ ಬೇಕಾದದ್ದು 6ರಿಂದ 6.5. ಆ ಸುಣ್ಣದ ನೀರಿನಲ್ಲಿ ಮಣ್ಣಿನ ಕಬ್ಬಿಣ ಇದ್ದೂ ಬೇರಿಗೆ ದಕ್ಕುವುದಿಲ್ಲ. ಕಬ್ಬಿಣ ಗಿಡದೊಳಗೆ ಹಳೇ ಎಲೆಯಿಂದ ಹೊಸದಕ್ಕೆ ಸುಲಭವಾಗಿ ಓಡಾಡುವುದೂ ಇಲ್ಲ, ಅದಕ್ಕೇ ಹಸಿವು ತುದಿಯಲ್ಲಿ ಕಾಣುತ್ತದೆ. ಮೆಗ್ನೀಷಿಯಂ ಕೊರತೆಯಲ್ಲೂ ನರ ಹಸಿರು, ನಡುವೆ ಹಳದಿ, ಆದರೆ ಅದು ಕೆಳಗಿನ ಎಲೆಯಿಂದ ಶುರು. ಎಲ್ಲಿ ಹಳದಿಯಾಯಿತು ಅನ್ನುವುದನ್ನು ಮೊದಲು ನೋಡಿ, ಆಮೇಲೆ ಗೊಬ್ಬರದ ಡಬ್ಬ ಮುಟ್ಟಿ.

ಚಿಲೇಟೆಡ್ ಐರನ್, ಅಂದರೆ ಬೇರಿಗೆ ದಕ್ಕುವ ರೂಪದ ಕಬ್ಬಿಣ, ಎರಡು ಸಲ ಕೊಟ್ಟೆ. 2025ರಲ್ಲಿ ಮೇ ತಿಂಗಳಲ್ಲೇ ಜೋರು ಮಳೆ ಬಂದದ್ದು ನಮ್ಮ ಪುಣ್ಯ. ಮಳೆನೀರು ಡ್ರಮ್ಮಿಗೆ ಹಿಡಿದು ಅದನ್ನೇ ಹಾಕಿದೆ. ಜೂನಿನಲ್ಲಿ ಬಂದ ಜೋಡಿ ತಾಮ್ರದ ಬಣ್ಣದಲ್ಲಿ ಬಿಚ್ಚಿ ಹಸಿರಿಗೆ ತಿರುಗಿದಾಗ ಕಾಕುಗೆ ಒಂದು ಲೋಟ ಫಿಲ್ಟರ್ ಕಾಫಿ ಕೊಟ್ಟು ತೋರಿಸಿದೆ.

ಈಗಿನ ಸ್ಥಿತಿ: ಪೂರ್ವದ ಎರಡು ಗಿಡ ಎತ್ತರ, ಗೆಣ್ಣಿನಿಂದ ಗೆಣ್ಣಿಗೆ 5.5 ಸೆಂ.ಮೀ., ಎಲೆ ಅಡ್ಡಡ್ಡ ಚಾಚಿ ಒಂದರ ನೆರಳು ಇನ್ನೊಂದಕ್ಕೆ ಬೀಳದ ಹಾಗೆ ಹರಡಿಕೊಂಡಿವೆ. ಪಶ್ಚಿಮದವು ಗಿಡ್ಡ, ಗೆಣ್ಣಿನ ಅಂತರ 3 ಸೆಂ.ಮೀ., ಎಲೆಗಳು ನಡುವೆ ತುಸು ಮಡಿಚಿ ಕೆಳಕ್ಕೆ ಬಾಗಿ ಬಿಸಿಲಿಗೆ ಅಂಚು ಕೊಟ್ಟು ನಿಂತಿವೆ. ರೆಕ್ಕೆ ಮಾತ್ರ ಪಶ್ಚಿಮದವೇ ಮೊದಲು ಒಡೆದವು.

ಮುಂದೆ ಪೂರ್ವದ ಒಂದು ಗಿಡವನ್ನು ಪಶ್ಚಿಮಕ್ಕೆ ತರುವ ಆಸೆ, ಈ ಸಲ ಸರಿಯಾದ ಕ್ರಮದಲ್ಲಿ. ಮೂರು ವಾರದಿಂದ ಯೂರಿಯಾ ಕೊಡುತ್ತಿದ್ದೇನೆ. ಅದರ ಹದಿನಾಲ್ಕನೇ ಜೋಡಿ ಇವತ್ತು ಅಕ್ಕಿಕಾಳಿನಷ್ಟಿದೆ. ಅದು ಹೆಬ್ಬೆರಳಷ್ಟು ಆದ ದಿನ ಕುಂಡ ಎತ್ತುತ್ತೇನೆ, ನೆಟ್ಟಿನ ಸಮೇತ.